ಕೂಲಿಯ ಅರಿಶಿನ

ನಮ್ಮವ್ವನಿಗೆ ಗಂಡ ಇರಲಿಲ್ಲ. ಆದರೂ ವರ್ಷದಲ್ಲಿ ಮೂರು ತಿಂಗಳು, ದಿನಾ ಸಂಜೆ, ಮುಖ ಕತ್ತು ಕೈ ಕಾಲು ಎಲ್ಲ ಅರಿಶಿನ ಮಾಡಿಕೊಂಡು ಊರಿನ ನಡುಬೀದಿಯಲ್ಲೇ ಮನೆಗೆ ಬರುತ್ತಿದ್ದಳು. ಯಾವ ಮುತ್ತೈದೆಯ ಮುಖದಲ್ಲೂ ಅಷ್ಟು ಅರಿಶಿನ ಇರುತ್ತಿರಲಿಲ್ಲ. ಯಾರೂ ತುಟಿ ಬಿಚ್ಚುವಂತಿರಲಿಲ್ಲ, ಏಕೆಂದರೆ ಅದು ಸಾವ್ಕಾರರ ಶೆಡ್ಡಿನಲ್ಲಿ ಡ್ರಮ್ಮು ತಿರುಗಿಸುವಾಗ ಹಾರಿ ಬಂದು ಕೂತ ಧೂಳು.

ಇದು ತೊಂಬತ್ತರ ದಶಕದ ಮಾತು. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಭೀಮನಬೀಡಿನ ಮಗ್ಗುಲಿಗೆ. ಈಗ ಯಾರಾದರೂ ಬಿಳಿ ಬಟ್ಟೆ ಹಾಕಿಕೊಂಡು ಬಂದು ‘ಉಸಿರಿಗೆ ಕೃತಜ್ಞರಾಗಿರಿ, ಗಾಳಿಗೆ ಧನ್ಯವಾದ ಹೇಳಿ’ ಎಂದು ಕಣ್ಣು ಮುಚ್ಚಿ ಪಾಠ ಮಾಡಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯುತ್ತದೆ. ಉಸಿರಿನ ಬೆಲೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಋಣ ಯಾರದು ಅನ್ನುವುದೂ ನನಗೆ ಗೊತ್ತು, ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರಿಶಿನ ಅಗೆದ ಮೇಲೆ ಕೊಪ್ಪರಿಗೆಯಲ್ಲಿ ಬೇಯಿಸಿ, ಹತ್ತು ಹದಿನೈದು ದಿನ ಕಣದಲ್ಲಿ ಹರವಿ ಒಣಗಿಸುತ್ತಾರೆ. ಒಣಗಿದ ಕೊಂಬು ನೋಡಲು ಚೆನ್ನಾಗಿರುವುದಿಲ್ಲ. ಮೈಮೇಲೆ ಸಿಪ್ಪೆ, ಮಣ್ಣು, ಬೇರಿನ ಎಳೆ. ಅಂಥದ್ದನ್ನು ಮಾರುಕಟ್ಟೆಗೆ ಒಯ್ದರೆ ಯಾರೂ ಮೂಸುವುದಿಲ್ಲ. ಅದಕ್ಕೆ ಜಾಲರಿಯ ದೊಡ್ಡ ಡ್ರಮ್ಮಿಗೆ ತುಂಬಿ, ಆ ಕಡೆ ಇಬ್ಬರು ಈ ಕಡೆ ಇಬ್ಬರು ಹಿಡಿ ಹಿಡಿದು ತಿರುಗಿಸಬೇಕು. ಕೊಂಬಿಗೆ ಕೊಂಬು ಉಜ್ಜಿ ಸಿಪ್ಪೆಯೆಲ್ಲ ಪುಡಿಯಾಗಿ ಜಾಲರಿಯಿಂದ ಹೊರಕ್ಕೆ ಹಾರುತ್ತದೆ. ಒಳಗೆ ಉಳಿದ ಕೊಂಬು ಫಳಫಳ ಹೊಳೆಯುತ್ತದೆ.

ಆ ಡ್ರಮ್ಮು ಮೊದಲು ಬಯಲಲ್ಲೇ ಇತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸಿದರೆ ಧೂಳು ಹೋಗಿ ಎದುರಿನ ದೊಡ್ಡಮನೆಗಳವರು ಒಣಹಾಕಿದ ಪಂಚೆಯ ಮೇಲೆ ಕೂರುತ್ತಿತ್ತು. ಪಂಚೆಯೆಲ್ಲ ಹಳದಿಯಾಯಿತು ಎಂದು ಅವರು ಜಗಳಕ್ಕೆ ಬಂದರು. ಸಾವ್ಕಾರರು ಮೂರು ಕಡೆಗೂ ತಗಡು ಹೊಡೆಸಿ ಶೆಡ್ಡು ಮಾಡಿಸಿದರು. ಪಂಚೆಗಳು ಬೆಳ್ಳಗಾದವು, ಧೂಳು ಒಳಗಿದ್ದ ನಾಲ್ಕು ಜನ ಹೆಂಗಸರ ಪಾಲಿಗೆ ಬಂತು. ಆ ನಾಲ್ವರಲ್ಲಿ ಅವ್ವ ಒಬ್ಬಳು. ಮೈಸೂರಿನ ಜನ ಕಾರು ಮಾಡಿಕೊಂಡು ಅದೇ ಬೆಟ್ಟಕ್ಕೆ ಒಳ್ಳೇ ಗಾಳಿ ಕುಡಿಯಲು ಹೋಗುತ್ತಿದ್ದರು. ಬೆಟ್ಟದ ಬುಡದಲ್ಲೇ ಹುಟ್ಟಿದ ನಮ್ಮವ್ವನಿಗೆ ಆ ಗಾಳಿ ತಗಡಿನ ಆಚೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅಪ್ಪ ಸತ್ತಾಗ ನನಗೆ ಹತ್ತು ವರ್ಷ, ಅವ್ವನಿಗೆ ಇಪ್ಪತ್ತೆಂಟು. ಹನ್ನೊಂದನೆಯ ದಿನ ಅವ್ವನನ್ನು ಕೂರಿಸಿ, ಕಡೆಯ ಸಲ ಎಂದು ಕೆನ್ನೆ ತುಂಬ ಅರಿಶಿನ ಹಚ್ಚಿ, ಹೂವು ಮುಡಿಸಿ, ಬಳೆ ತೊಡಿಸಿ, ಆಮೇಲೆ ಒಂದೊಂದಾಗಿ ತೆಗೆದರು. ನಮ್ಮ ಕಡೆ ಒರೆಸುವ ಕೆಲಸವನ್ನು ಮುತ್ತೈದೆಯರು ಮಾಡುವುದಿಲ್ಲ. ಗಂಡ ಹೋದವಳೇ ಇನ್ನೊಬ್ಬ ಗಂಡ ಹೋದವಳಿಗೆ ಮಾಡಬೇಕು. ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಗೋಡೆಗೆ ಗೋಡೆ ಅಂಟಿದ ಮನೆಯವಳು. ಅವಳೇ ಬೀದಿಯ ಒಬ್ಬ ಮುದುಕಿಯನ್ನು ಕರೆತಂದು ಕೈಗೆ ಒದ್ದೆ ಬಟ್ಟೆ ಕೊಟ್ಟಳು. ‘ಕಿವಿ ಇಂದ್ಗಡ ಅದ ನೋಡವ್ವ, ಚೆನ್ನಾಗಿ ಒರಸು’ ಎಂದು ಪಕ್ಕದಲ್ಲಿ ನಿಂತು ಹೇಳಿದಳು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವ ಆಸೆಯೂ ಇಲ್ಲ.

ಅವ್ವನಿಗೆ ಕೆಮ್ಮು ಶುರುವಾಗಿದ್ದು ಶೆಡ್ಡು ಕಟ್ಟಿದ ಎರಡನೆಯ ವರ್ಷ. ಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಬಿಂದಿಗೆ ಎತ್ತಿದರೆ, ನಕ್ಕರೆ, ಕೊನೆಗೆ ಸುಮ್ಮನೆ ಕೂತರೂ. ಒಂದು ದಿನ ಒಲೆ ಊದುತ್ತಿದ್ದವಳು ಊದುಗೊಳವೆಯನ್ನು ನನ್ನ ಕಡೆ ಚಾಚಿ ‘ನೀನೇ ಊದಮ್ಮಿ’ ಅಂದಳು. ಅಲ್ಲಿಯವರೆಗೆ ಒಲೆಯ ಹತ್ತಿರ ನನ್ನನ್ನು ಸುಳಿಯಗೊಡದವಳು. ನನಗೆ ಹೆದರಿಕೆಯಾಗಿದ್ದು ಆಗಲೇ.

ಧೂಳಿನಿಂದ ಬಂತು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಕಲ್ಲಿನ ಧೂಳಾದರೆ ಸಂಶಯ ಬರುತ್ತಿತ್ತು. ಇದು ಅರಿಶಿನ. ಕೈ ಕುಯ್ದುಕೊಂಡರೆ ಅರಿಶಿನ, ಬಾಣಂತಿಗೆ ಅರಿಶಿನ, ಕೆಮ್ಮಿಗೆ ಹಾಲಿನಲ್ಲಿ ಅರಿಶಿನ. ‘ಅರಿಸ್ಣ ಎದಗ ಓದ್ರ ಒಳ್ಳೇದೇ ಕಣ, ಔಸ್ದಿ ಪುಕ್ಕಟೆ ಸಿಕ್ತಾ ಅದ’ ಎಂದು ಡ್ರಮ್ಮಿನ ಹೆಂಗಸರು ತಮಾಷೆ ಮಾಡುತ್ತಿದ್ದರು. ಹಳದಿ ಕಫ ಉಗಿದರೂ ಅದು ಮದ್ದು ಕೆಲಸ ಮಾಡಿದ ಗುರುತು ಎಂದೇ ಲೆಕ್ಕ.

ಪಿಯುಸಿ ಓದುತ್ತಿದ್ದ ನಾನೇನು ಅವರಿಗಿಂತ ಜಾಣೆಯಾಗಿರಲಿಲ್ಲ. ನೆಗಡಿ ಕಟ್ಟಿಕೊಂಡರೆ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಸುಟ್ಟು ಅದರ ಹೊಗೆ ಎಳೆಯುವುದು ನಮ್ಮ ಮನೆಮನೆಯ ಮದ್ದು. ಒಂದು ಸಂಜೆ ಅವ್ವ ಶೆಡ್ಡಿನಿಂದ ಬಂದು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ನಾನು ದೊಡ್ಡದೊಂದು ಕೊಂಬು ಆರಿಸಿ, ಸುಟ್ಟು, ಅವಳ ತಲೆಯ ಮೇಲೆ ಸೆರಗು ಹೊದಿಸಿ, ಮೂಗಿನ ಬುಡಕ್ಕೇ ಹಿಡಿದೆ. ‘ಜೋರಾಗಿ ಎಳ್ಕೊವ್ವ’ ಅಂದೆ. ಎಳೆದುಕೊಂಡಳು. ಆಮೇಲೆ ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ. ಅವ್ವನ ಕಣ್ಣು ಮೇಲಕ್ಕೆ ಹೋಯಿತು, ತುಟಿ ನೇರಳೆಯಾಯಿತು, ಎರಡೂ ಕೈ ನೆಲಕ್ಕೆ ಊರಿಕೊಂಡು ಕತ್ತು ಚಾಚಿ ಗಾಳಿಗೆ ಬಾಯಿಬಾಯಿ ಬಿಟ್ಟಳು. ನಾನು ಕೊಂಬನ್ನು ಎಸೆದು, ಸೆರಗು ಕಿತ್ತು, ಅವಳನ್ನು ಎಳೆದುಕೊಂಡು ಜಗಲಿಗೆ ತಂದೆ. ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಬಹಳ ಹೊತ್ತಿನ ಮೇಲೆ ಉಸಿರು ಒಂದು ಹದಕ್ಕೆ ಬಂತು. ನನ್ನ ಕೈಯಾರೆ ನನ್ನ ತಾಯಿಯನ್ನು ಕೊಲ್ಲುತ್ತಿದ್ದೆ, ಅದೂ ಮದ್ದು ಎಂದು. ಗಾಳಿಗೆ ನಾನು ಧನ್ಯವಾದ ಹೇಳಿದ್ದು ಅವತ್ತು, ಜಗಲಿಯ ಮೇಲೆ, ಬೈಗುಳದ ಜೊತೆಗೆ.

ಮರುದಿನವೇ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಚಾಮರಾಜನಗರದ ಒಬ್ಬ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಎದೆಯ ಫೋಟೋ ತೆಗೆಸಿದರು, ಕಫ ಪರೀಕ್ಷೆ ಮಾಡಿಸಿದರು, ಟಿಬಿ ಅಲ್ಲ ಎಂದರು. ಆಮೇಲೆ ‘ಉಸಿರು ಪೂರ್ತಿ ಒಳಗೆ ತಗೊಂಡು, ಮಧ್ಯೆ ಉಸಿರಾಡದೆ ಎಣಿಸಮ್ಮ, ಎಲ್ಲಿತನಕ ಬರುತ್ತೆ ನೋಡೋಣ’ ಅಂದರು. ಅವ್ವನಿಗೆ ಗೊತ್ತಿದ್ದ ಎಣಿಕೆ ಕಣದಲ್ಲಿ ರಾಗಿ ಅಳೆಯುವ ಎಣಿಕೆ. ಅಲ್ಲಿ ಯಾರೂ ಒಂದು ಅನ್ನುವುದಿಲ್ಲ. ‘ಲಾಭ, ಎಲ್ಡು, ಮೂರು’ ಎಂದು ಶುರುಮಾಡಿದಳು. ಡಾಕ್ಟರು ನಕ್ಕರು. ಒಂಬತ್ತಕ್ಕೆ ಅವ್ವನ ಉಸಿರು ಮುಗಿಯಿತು, ಡಾಕ್ಟರ ನಗುವೂ ನಿಂತಿತು.

ಏನು ಕೆಲಸ ಎಂದು ಕೇಳಿದರು. ಹೇಳಿದೆ. ಅರಿಶಿನ ಎಷ್ಟು ಒಳ್ಳೆಯದಾದರೂ ಧೂಳು ಧೂಳೇ, ಶ್ವಾಸಕೋಶಕ್ಕೆ ಅದು ಮಂಗಳದ್ದೋ ಅಮಂಗಳದ್ದೋ ತಿಳಿಯುವುದಿಲ್ಲ ಎಂದರು. ಆ ಕೆಲಸ ಬಿಡಬೇಕು. ಬಿಡಲು ಆಗದಿದ್ದರೆ ಡ್ರಮ್ಮು ಬಯಲಿಗೆ ಬರಬೇಕು, ಮೂಗು ಬಾಯಿ ಮುಚ್ಚುವ ಹಾಗೆ ದಪ್ಪ ಬಟ್ಟೆ ಕಟ್ಟಬೇಕು, ಗಾಳಿ ಬರುವ ಕಡೆಗೆ ನಿಲ್ಲಬೇಕು. ಮನೆಯಲ್ಲೂ ಯಾವ ಹೊಗೆಯೂ ಎದೆಗೆ ಹೋಗಬಾರದು. ಹಾಳಾದದ್ದು ಪೂರ್ತಿ ವಾಪಸ್ಸು ಬರುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಿ ಎಂದು ಮಾತ್ರೆ ಬರೆದುಕೊಟ್ಟರು.

ಅಪ್ಪನ ಹಳೇ ಪಂಚೆ ಹರಿದು ನಾಲ್ಕು ಮಡಿಕೆ ಹಾಕಿ ಹೊಲಿದೆ. ಅವ್ವ ಬೆಳಿಗ್ಗೆ ಅದನ್ನು ಕಟ್ಟಿಕೊಂಡೇ ಮನೆ ಬಿಡುತ್ತಿದ್ದಳು. ಆದರೆ ಸಂಜೆ ಬಂದಾಗ ಮುಖ ಎಂದಿನಂತೆ ಹಳದಿ, ಬಟ್ಟೆ ಬಿಳಿ. ಎರಡು ದಿನ ನೋಡಿದೆ. ಮೂರನೆಯ ದಿನ ಹೇಳದೆ ಕೇಳದೆ ಶೆಡ್ಡಿಗೇ ಹೋದೆ. ಬಟ್ಟೆ ಕತ್ತಿನಲ್ಲಿ ನೇತಾಡುತ್ತಿತ್ತು. ಅವ್ವ ಡ್ರಮ್ಮಿಗೆ ಮುಖ ಕೊಟ್ಟು ತಿರುಗಿಸುತ್ತಿದ್ದಳು. ಹಿಡಿ ಮೇಲೆ ಬಂದಾಗಲೆಲ್ಲ ಧೂಳಿನ ಕಡೆಗೆ ಕೆನ್ನೆ ಒಡ್ಡುತ್ತಿದ್ದಳು. ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ರಟ್ಟೆ ಹಿಡಿದು ಹೊರಗೆ ಎಳೆದು ತಂದೆ. ‘ಸಾಯ್ಬೇಕು ಅನ್ಕಂಡಿದ್ದೀಯಾ? ಬಟ್ಟ ಯಾಕ್ ಬಿಚ್ದೆ?’ ಎಂದು ಕಿರುಚಿದೆ. ಅವ್ವ ಬೇಲಿಯ ಕಡೆ ಮುಖ ತಿರುಗಿಸಿದಳು. 

‘ಬಟ್ಟ ಕಟ್ಕಂಡ್ರ ಮಕ ಬರಿದಾಗ್ಬುಡ್ತದ ಕಣಮ್ಮಿ.’

ನನಗೆ ಅರ್ಥವಾಗಲಿಲ್ಲ. ಅವಳು ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು: ‘ಅವತ್ತು ಒರಸ್ದ್ರಲ್ಲ... ಆಮ್ಯಾಕ ನನ್ ಮಕಕ್ಕ ಅರಿಸ್ಣ ಬೀಳೋದು ಇಲ್ಲಿ ಒಂದೇ ತಾವ. ಇದ ಯಾರ್ ಒರಸಾರು? ಕೂಲಿ ಅರಿಸ್ಣ ಇದು. ನಿಮ್ಮತ್ತ ಜಗಲಿ ಮೇಲ ಕುಂತ್ಕಂಡ್ ದಿನಾ ನೋಡ್ತಾಳ. ಒಂದ್ ಮಾತ್ ಆಡಕ್ಕಾಗಲ್ಲ ಅವಳ್ಗ.’

ಹೇಳಿ ನಕ್ಕಳು, ನಗು ಕೆಮ್ಮಾಯಿತು. ಎಂಟು ವರ್ಷ ಅವ್ವ ನಡುಬೀದಿಯಲ್ಲೇ ಯಾಕೆ ಬರುತ್ತಿದ್ದಳು, ಕೆರೆಯಲ್ಲಿ ಮುಖ ತೊಳೆದುಕೊಂಡು ಯಾಕೆ ಬರುತ್ತಿರಲಿಲ್ಲ ಎನ್ನುವುದು ನನಗೆ ಆಗ ತಿಳಿಯಿತು. ಅವಳ ಮೇಲಿನ ಸಿಟ್ಟೆಲ್ಲ ಇಳಿದು ಬೇರೆ ಕಡೆಗೆ ತಿರುಗಿತು. ಒಂದು ಚಿಟಿಕೆ ಅರಿಶಿನಕ್ಕೆ ನನ್ನ ತಾಯಿ ತನ್ನ ಎದೆಯನ್ನೇ ಕೊಟ್ಟುಕೊಂಡಿದ್ದಳು. ಆ ಚಿಟಿಕೆಯನ್ನು ಕಿತ್ತುಕೊಂಡವರು ದಿನಾ ಮೂರು ಹೊತ್ತು ಉಂಡು, ಬಯಲ ಗಾಳಿಯಲ್ಲಿ ಮಲಗಿ ಚೆನ್ನಾಗಿದ್ದರು.

ಮರುದಿನ ಶುಕ್ರವಾರ. ಬೆಳಿಗ್ಗೆ ಎದ್ದವಳೇ ಸಾಣೆಕಲ್ಲು ತೊಳೆದು, ಒಳ್ಳೆಯ ಕೊಂಬು ಆರಿಸಿ ತೇಯ್ದೆ. ಅವ್ವನನ್ನು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂರಿಸಿದೆ. ಒಳಗೆ ಕೂರುತ್ತೇನೆ ಅಂದಳು. ‘ಒಳಗ ಬ್ಯಾಡ, ಇಲ್ಲೇ’ ಅಂದೆ. ಬಟ್ಟಲಲ್ಲಿ ಬೆರಳು ಅದ್ದಿ ಕೆನ್ನೆಗೆ ಹಚ್ಚಿದೆ. ಅವ್ವ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಕತ್ತಿಗೆ ಹಚ್ಚಿದೆ. ಕಿವಿಯ ಹಿಂದೆ, ಮರೆಯದೆ, ಎರಡೆರಡು ಸಲ ಹಚ್ಚಿದೆ.

ಅತ್ತೆ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ಬಂದಳು. ‘ಏನಮ್ಮಿ ಇದು? ನನ್ ತಮ್ಮ ಸತ್ತು ಮಣ್ಣಾದ, ಇವಳ್ಗ ಮದುವ ಮಾಡಿಯಾ?’

‘ದಿನಾ ಸಂಜ ಇಷ್ಟೇ ಅರಿಸ್ಣ ಬಳ್ಕಂಡ್ ಬರ್ತಿದ್ಲಲ್ಲತ್ತ, ಆಗೆಲ್ಲ ಎಲ್ಲಿದ್ದೆ?’ ಅಂದೆ. ‘ಸಾವ್ಕಾರನ ಡ್ರಮ್ಮು ಬಳುದ್ರ ಆಯ್ತದ, ಮಗಳು ಬಳುದ್ರ ಆಗಲ್ವಾ?’

ಬೀದಿಯ ಜನ ಸೇರಿದರು. ಓದಿದ ಹುಡುಗಿ ಕೆಟ್ಟಳು ಎಂದರು, ಮನೆಗೆ ಶನಿ ಹೊಕ್ಕಿತು ಎಂದರು. ನಾನು ಬಟ್ಟಲನ್ನು ಕೆಳಗಿಡಲಿಲ್ಲ. ಯಾರಿಗಾದರೂ ಬೇಕಾ ಎಂದು ಕೇಳಿದೆ. ಅವ್ವ ಇದೆಲ್ಲ ಮುಗಿಯುವವರೆಗೆ ಕಣ್ಣು ಮುಚ್ಚಿಯೇ ಇದ್ದಳು. ಕಡೆಗೆ ಬೆರಳಿನಿಂದ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

‘ಆ ಬಟ್ಟ ಎಲ್ಲಮ್ಮಿ? ಕೊಡು, ಕಟ್ಕತೀನಿ.’

ಬಟ್ಟೆ ಕಟ್ಟಿಕೊಂಡು ನನ್ನ ಜೊತೆ ಶೆಡ್ಡಿಗೆ ಹೋದ ಅವ್ವನನ್ನು ಸಾವ್ಕಾರರು ಬಾಗಿಲಲ್ಲೇ ತಡೆದರು. ಅರಿಶಿನ ಅಂದರೆ ಲಕ್ಷ್ಮಿ, ಲಕ್ಷ್ಮಿಯ ಮುಂದೆ ಮೂಗು ಮುಚ್ಚಿಕೊಂಡು ನಿಲ್ಲುವುದು ಅಪಚಾರ, ವರ್ಷದ ಮೊದಲ ದಿನ ಡ್ರಮ್ಮಿಗೆ ಪೂಜೆ ಮಾಡುವುದು ಇದಕ್ಕಾ ಎಂದು ಕೇಳಿದರು. ಅನ್ನ ಕೊಟ್ಟ ಮನೆಗೆ ಎರಡು ಬಗೆಯಬಾರದು, ಉಪಕಾರ ಸ್ಮರಣೆ ಇರಬೇಕು ಎಂದೂ ಹೇಳಿದರು. ಎಲ್ಲಾ ಕಡೆ ಕೃತಜ್ಞತೆ ಕೇಳುವವರು ಒಂದೇ ಜಾತಿಯ ಜನ ಎಂದು ನನಗೆ ಅನುಮಾನ ಬಂದದ್ದು ಅಲ್ಲೇ.

ಅವ್ವ ಬಟ್ಟೆಯ ಒಳಗಿನಿಂದಲೇ ಹೇಳಿದಳು, ‘ಲಕ್ಷ್ಮಿ ನಿಮ್ ಮನಗ ಬತ್ತಾಳ ಬುದ್ದಿ. ನಮ್ ಎದಗ ಬರೋದು ಧೂಳು. ತಗಡು ಬಿಚ್ಸಿ, ಇಲ್ಲಾಂದ್ರ ನೀವೇ ತಿರುಗ್ಸಿ.’

ಉಳಿದ ಮೂವರೂ ಹಿಡಿ ಬಿಟ್ಟು ಹೊರಗೆ ಬಂದು ಅವಳ ಪಕ್ಕ ನಿಂತರು. ಒಬ್ಬಳು ಆಗಲೇ ಸೆರಗನ್ನು ಮೂಗಿಗೆ ಸುತ್ತಿಕೊಂಡಿದ್ದಳು. ಎರಡು ದಿನ ಡ್ರಮ್ಮು ತಿರುಗಲಿಲ್ಲ. ಕಣದಲ್ಲಿ ಒಣಗಿದ ಅರಿಶಿನ ರಾಶಿ ಬಿದ್ದಿತ್ತು, ಆಕಾಶದಲ್ಲಿ ಮೋಡ ಕಾಣಿಸಿಕೊಂಡಿತು. ಮೂರನೆಯ ದಿನ ಪಡುವಣದ ತಗಡನ್ನೂ ಅದರ ಎದುರಿನದನ್ನೂ ಬಿಚ್ಚಿದರು. ಬೆಟ್ಟದ ಗಾಳಿ ಒಳಗೆ ಬಂತು, ದೊಡ್ಡವರ ಪಂಚೆಗಳು ಮತ್ತೆ ಹಳದಿಯಾದವು. ಅವರು ಹಗ್ಗವನ್ನು ಹಿತ್ತಲಿಗೆ ಕಟ್ಟಿಕೊಂಡರು. ಮೊದಲೇ ಅಷ್ಟು ಮಾಡಿದ್ದರೆ ಸಾಕಾಗಿತ್ತು.

ಮರುವರ್ಷ ಅವ್ವ ಡ್ರಮ್ಮು ಬಿಟ್ಟು ಕಣದಲ್ಲಿ ಕೊಂಬು ಆರಿಸುವ ಕೆಲಸಕ್ಕೆ ಕೂತಳು. ಒಲೆಯನ್ನು ಹಿತ್ತಲಿನ ಬಯಲಿಗೆ ಹಾಕಿದೆವು. ದಿನಾ ಬೆಳಿಗ್ಗೆ ನಾನು ಅವಳ ಮುಂದೆ ಕೂತು ಎಣಿಸಲು ಹೇಳುತ್ತಿದ್ದೆ. ‘ಲಾಭ, ಎಲ್ಡು, ಮೂರು...’ ಹನ್ನೊಂದಾಯಿತು, ಹದಿನಾಲ್ಕಾಯಿತು. ಚಳಿಗಾಲದಲ್ಲಿ ಮತ್ತೆ ಹತ್ತಕ್ಕೆ ಇಳಿಯಿತು. ಡಾಕ್ಟರು ಹೇಳಿದ್ದು ನಿಜ, ಹೋದದ್ದು ಪೂರ್ತಿ ಬರಲಿಲ್ಲ. ಶುಕ್ರವಾರ ಮಾತ್ರ ಎಣಿಕೆಗೆ ಮೊದಲು ಅರಿಶಿನ. ಅತ್ತೆ ನಮ್ಮ ಜಗಲಿಯ ಕಡೆ ನೋಡುವುದನ್ನೇ ಬಿಟ್ಟಳು, ಮಾತು ನಿಂತು ಮೂರು ವರ್ಷವಾಯಿತು.

ಆಮೇಲೆ ಅತ್ತೆಯ ಗಂಡ ತೀರಿಕೊಂಡ. ಹನ್ನೊಂದನೆಯ ದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಜನ ಬಂದರು. ಒರೆಸಲು ಗಂಡ ಹೋದವಳೇ ಬೇಕು, ಮನೆಯವಳೇ ಆದರೆ ಒಳ್ಳೆಯದು, ಹಳೆಯದನ್ನೆಲ್ಲ ಮರೆತು ಬಾ ಎಂದರು. ನನಗೆ ಒಳಗೊಳಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಕಿವಿಯ ಹಿಂದೆ ಚೆನ್ನಾಗಿ ಒರೆಸವ್ವ ಎಂದು ಹೇಳಬೇಕೆನ್ನಿಸಿತು. ಅವ್ವ ಸೆರಗು ಹೊದ್ದು ಹೊರಟಳು. ನಾನೂ ಹಿಂದೆ ಹೋದೆ.

ಅತ್ತೆಯನ್ನು ನಡುಮನೆಯಲ್ಲಿ ಕೂರಿಸಿದ್ದರು. ಮುಖದ ತುಂಬ ಅರಿಶಿನ, ಮುಡಿ ತುಂಬ ಹೂವು. ಅವ್ವನನ್ನು ನೋಡಿ ಅತ್ತೆ ತಲೆ ತಗ್ಗಿಸಿದಳು. ಯಾರೋ ಅವ್ವನ ಕೈಗೆ ಒದ್ದೆ ಬಟ್ಟೆ ಕೊಟ್ಟರು. ಅವ್ವ ಅದನ್ನು ಹಿಂಡಿದಳು, ನೋಡಿದಳು, ಬಾಗಿಲಾಚೆ ಎಸೆದಳು. ಅತ್ತೆಗೆ ಬೆನ್ನು ಕೊಟ್ಟು ಜನರಿಗೆ ಮುಖ ಮಾಡಿ ನಿಂತಳು. ಎದೆ ತುಂಬ ಉಸಿರು ಎಳೆದುಕೊಳ್ಳುವುದು ನನಗೆ ಕಾಣಿಸಿತು.

‘ನಂಗ ಒರಸ್ದಾಗ ನಾನು ಬಾಯಿ ಬುಡ್ನಿಲ್ಲ, ಇವತ್ತು ಬುಡ್ತೀನಿ, ಇವಳ ಮಕಕ್ಕ ಕೈ ಆಕೋರು ಯಾರಿದ್ದೀರೋ ಮೊದ್ಲು ನನ್ನ ದಾಟ್ಕಂಡ್ ಬನ್ನಿ, ಬನ್ನಿ ನೋಡನ!’

ತೊಲೆ ಅದುರುವ ಹಾಗೆ ಕೂಗಿದಳು, ಅದೂ ಒಂದೇ ಉಸಿರಿಗೆ. ಅಷ್ಟು ದೊಡ್ಡ ಸದ್ದು ಆ ಎದೆಯಲ್ಲಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ಕೆಮ್ಮು ಬಂತು, ಈಗ ಬಂತು ಎಂದು ನಾನು ಕಾದೆ. ಬರಲಿಲ್ಲ. ಯಾರೂ ಮುಂದೆ ಬರಲಿಲ್ಲ. ಹಿಂದಿನಿಂದ ಅತ್ತೆಯ ಕೈ ಅವ್ವನ ಸೀರೆಯ ನಿರಿಗೆಯನ್ನು ಹಿಡಿದುಕೊಂಡಿತು.

ಮಧ್ಯಾಹ್ನ ಮನೆಗೆ ಬರುವಾಗ ಅವ್ವ ಕೇಳಿದಳು, ‘ನಾನ್ ಕೂಗುವಾಗ ಎಣಿಸ್ದ್ಯಾ ಅಮ್ಮಿ? ಎಷ್ಟಕ್ ಬಂತು?’

‘ಇಲ್ಲ ಕಣವ್ವ. ಎಣಿಸೋದು ಮರ್ತ್ಬುಟ್ಟೆ.’

ಅವ್ವ ಬೀದಿಯ ಮಧ್ಯೆ ನಿಂತು ನನ್ನನ್ನು ನೋಡಿದಳು. ‘ಅಂಗಾರ ವಾಪಸ್ ಓಗಿ ಇನ್ನೊಂದ್ ಸಲ ಕೂಗ್ಲಾ?’